ಬೋಟು ಫೋನು ಮಾಡಿದ ಶುಕ್ರವಾರ

ಸುಳ್ಯ, ಪುತ್ತೂರು, ಕಡಬ ಈ ಮೂರು ತಾಲೂಕುಗಳಲ್ಲಿ ಭವಿತಾಳ ಮುಖ ಗೊತ್ತಿರುವವರು ಕಡಿಮೆ, ದನಿ ಗೊತ್ತಿರುವವರು ಸಾವಿರಗಟ್ಟಲೆ. ಸುಳ್ಯದ ಶಾಫಿಯ ಅಂಗಡಿಯಲ್ಲಿ ತಯಾರಾಗುವ ಮೊಬೈಲ್ ಸ್ಟಾರ್ಟರುಗಳಲ್ಲಿ ಮಾತಾಡುವುದು ಅವಳೇ. ಪಂಪ್‌ಶೆಡ್ಡಿನ ಗೋಡೆಗೆ ತಗುಲಿ ಹಾಕಿದ ಆ ಡಬ್ಬಿ ಕರೆಂಟು ಬಂದಾಗಲೂ ಹೋದಾಗಲೂ ಯಜಮಾನರಿಗೆ ಫೋನು ಮಾಡುತ್ತದೆ. ‘ನಮಸ್ಕಾರ. ವಿದ್ಯುತ್ ಬಂದಿದೆ. ಪಂಪು ಚಾಲನೆಯಲ್ಲಿದೆ. ಧನ್ಯವಾದಗಳು.’ ಡಿಪ್ಲೊಮಾ ಮುಗಿಸಿ ಕೆಲಸಕ್ಕೆ ಸೇರಿದ ಹೊಸತರಲ್ಲಿ, ಹಿಂದಿನ ಕೋಣೆಯ ಫ್ಯಾನು ನಿಲ್ಲಿಸಿ, ರಸ್ತೆಯಲ್ಲಿ ಬಸ್ಸಿಲ್ಲದ ಹೊತ್ತು ನೋಡಿ ಶಾಫಿ ಅವಳಿಂದ ಇದನ್ನು ಓದಿಸಿದ್ದ. ಕನ್ನಡ ಪುಸ್ತಕದ ಹಾಗೆ ಚೊಕ್ಕವಾಗಿರಲಿ ಎಂದು ನಾಲ್ಕು ಸಲ ತಿದ್ದಿಸಿದ್ದ.

ಈ ಕಡೆ ಕರೆಂಟು ಒಂದು ದಿನಕ್ಕೆ ಎಷ್ಟು ಸಲ ಹೋಗುತ್ತದೆ, ಬರುತ್ತದೆ ಎಂದು ಲೆಕ್ಕ ಇಟ್ಟವರಿಲ್ಲ. ಮಳೆಗಾಲದಲ್ಲಂತೂ ತೋಟಕ್ಕೆ ನೀರು ಬಿಡುವ ಕೆಲಸವೇ ಇರುವುದಿಲ್ಲ, ಡಬ್ಬಿ ಮಾತ್ರ ಬಿಡದೆ ಫೋನು ಮಾಡುತ್ತಲೇ ಇರುತ್ತದೆ. ಹಾಗಾಗಿ ‘ನಮಸ್ಕಾರ’ದಿಂದ ಮುಂದಕ್ಕೆ ಭವಿತಾಳನ್ನು ಯಾರೂ ಕೇಳುವುದಿಲ್ಲ. ಕಟ್ ಮಾಡುತ್ತಾರೆ. ಗ್ಯಾಸ್ ಏಜೆನ್ಸಿಗೆ ಇವಳೇ ಫೋನು ಮಾಡಿದರೆ ಅಲ್ಲಿಯ ಹುಡುಗಿಯೂ ಕಟ್ ಮಾಡಿದ್ದುಂಟು. ಅಂಗಡಿಗೆ ಬಂದ ಗಿರಾಕಿಗಳು ಅವಳು ಬಾಯಿ ತೆರೆದ ಕೂಡಲೇ ನಗುತ್ತಿದ್ದರು. “ಓ, ನಮ್ಮ ಪಂಪು ಇಲ್ಲಿ ಉಂಟಲ್ಲ!”

ಪುತ್ತೂರಿನ ಹಕೀಮರೂ ಅಂಥ ಗಿರಾಕಿ. ಹಾರ್ಡ್‌ವೇರ್ ಅಂಗಡಿ, ಒಂದು ತುಂಡು ತೋಟ, ಜೊತೆಗೆ ಮಂಗಳೂರಿನ ಬಂದರಿನ ಧಕ್ಕೆಯಲ್ಲಿ ಒಂದು ಮೀನಿನ ಬೋಟು. ಸಮುದ್ರ ಕಂಡರೆ ತಲೆ ತಿರುಗುವ ಮನುಷ್ಯ. ಭಾವನ ಮಾತು ಕೇಳಿ ಬೋಟಿಗೆ ಇಳಿದಿದ್ದರು. ಈಗ ಭಾವ ದುಬೈಯಲ್ಲಿ, ಬೋಟು ಇವರ ತಲೆಯ ಮೇಲೆ. ಮಳೆಗಾಲದಲ್ಲಿ ಮೀನು ಹಿಡಿಯುವುದಕ್ಕೆ ನಿಷೇಧ ಇರುವ ಎರಡು ತಿಂಗಳು ಬೋಟುಗಳೆಲ್ಲ ಧಕ್ಕೆಯಲ್ಲಿ ಒಂದಕ್ಕೊಂದು ಹಗ್ಗ ಬಿಗಿದುಕೊಂಡು ನಿಲ್ಲುತ್ತವೆ. ನಿಂತ ಬೋಟಿಗೂ ನೀರು ಬರುತ್ತದೆ. ಬೋಟನ್ನು ತಳ್ಳುವ ಫ್ಯಾನಿನ ಶಾಫ್ಟು ಹೊರಗೆ ಹೋಗುವ ಸಂದಿಯಲ್ಲಿ ಹನಿ ಹನಿಯಾಗಿ ಒಳಗೆ ಇಳಿಯುತ್ತಲೇ ಇರುತ್ತದೆ, ಜೋರು ಮಳೆ ಬಂದರೆ ಮೇಲಿನ ನೀರೂ ಸೇರಿ ಬೇಗ ತುಂಬುತ್ತದೆ. ಅದನ್ನು ಹೊರಗೆ ಹಾಕಲು ಇಚಿಲಂಪಾಡಿಯ ಡೊಂಬಯ್ಯ ಎನ್ನುವವನು ಪ್ರತಿ ವರ್ಷ ಆ ಎರಡು ತಿಂಗಳು ಬೋಟಿನಲ್ಲೇ ಮಲಗುತ್ತಿದ್ದ.

“ಪಂಪು ಫೋನು ಮಾಡ್ತದೆ. ಬೋಟಿಗೆ ಎಂತ ದಾಡಿ?” ಎಂದು ಹಕೀಮರು ಕೇಳಿದ್ದು ತಮಾಷೆಗೆ. ಭವಿತಾ ತಮಾಷೆ ಎಂದುಕೊಳ್ಳಲಿಲ್ಲ. ಬೋಟಿನ ತಳಕ್ಕೆ ತಾನೇ ಚಾಲೂ ಆಗುವ ಸಣ್ಣ ಪಂಪು, ಅದಕ್ಕೊಂದು ಬ್ಯಾಟರಿ, ಬ್ಯಾಟರಿಗೆ ಮಾಡಿನ ಮೇಲೆ ಸೋಲಾರು ಹಲಗೆ, ನೀರು ಎಷ್ಟು ಏರಿದೆ ಎಂದು ಹೇಳಲು ಮೂರು ಎತ್ತರದಲ್ಲಿ ನೀರು ಮುಟ್ಟಿದರೆ ತೇಲುವ ಮೂರು ಬುರುಡೆ. ಏನು ಹೆಚ್ಚುಕಡಿಮೆಯಾದರೂ ಡಬ್ಬಿ ಅದೇ ‘ನಮಸ್ಕಾರ’ದ ದನಿಯಲ್ಲಿ ಮೊದಲು ಹಕೀಮರಿಗೆ ಫೋನು ಮಾಡುತ್ತದೆ. ಅವರು ತೆಗೆಯದಿದ್ದರೆ ಅವರ ಹೆಂಡತಿ ಕದೀಜಮ್ಮನಿಗೆ. ಅವರೂ ತೆಗೆಯದಿದ್ದರೆ ಭವಿತಾಳಿಗೆ.

“ಇನ್ನು ಆಳು ಬೇಡ ಹಕೀಮಾಕ,” ಅಂದಿದ್ದಳು. “ಬೋಟೇ ಫೋನು ಮಾಡ್ತದೆ.”

ಆ ಮಾತಿನ ಮೇಲೆ ಹಕೀಮರು ಡೊಂಬಯ್ಯನನ್ನು ಬರಬೇಡ ಅಂದರು. ಆಗಸ್ಟಿನವರೆಗೆ ಬೋಟು ಒಣಗಿದ್ದರೆ ಎಲ್ಲರೂ ಈ ಡಬ್ಬಿ ಹಾಕಿಸಿ ಎಂದು ಬೋಟು ಯಜಮಾನರ ಸಭೆಯಲ್ಲಿ ತಾವೇ ಎದ್ದು ನಿಂತು ಹೇಳುತ್ತೇನೆಂದೂ ಅಂದರು. ಬೋಟಿನ ಕೆಲಸ ಪೂರ್ತಿ ನಿನಗೇ, ಡಬ್ಬಿಯ ಮೇಲೆ ನಿನ್ನದೇ ಹೆಸರು ಎಂದು ಶಾಫಿ ಮಾತು ಕೊಟ್ಟ. ಭವಿತಾಳಿಗೆ ಬೇಕಾಗಿದ್ದದ್ದು ಅದು. ಬರೀ ದನಿಯಾಗಿ ಇದ್ದು ಅವಳಿಗೆ ಸಾಕಾಗಿತ್ತು.

ಡಬ್ಬಿ ಕೂರಿಸಿ ಬಂದ ದಿನದಿಂದ ಅವಳಿಗೆ ಕೂತಲ್ಲಿ ಕೂರಲು ಆಗುತ್ತಿರಲಿಲ್ಲ. ಬೋಟಿನ ಪುಟ ಫೋನಿನಲ್ಲಿ ತೆರೆದೇ ಇರುತ್ತಿತ್ತು. ಬ್ಯಾಟರಿ ಎಷ್ಟು, ನೀರು ಎಲ್ಲಿ, ಯಾರಿಗೆ ಫೋನು ಹೋಯಿತು. ಊಟದ ನಡುವೆ ಎಡಗೈಯಲ್ಲಿ ನೋಡುವಳು. ಆಲೆಟ್ಟಿಯ ಮನೆಯಲ್ಲಿ ತಾಯಿ ಸೇವಂತಿ ಬೇಸತ್ತು, “ಅದನ್ನೇ ಮದುವೆ ಆಗು ಮಾರಾಯ್ತಿ, ನಾವು ಗಂಡು ಹುಡುಕುದು ತಪ್ಪುತ್ತದೆ,” ಅಂದಿದ್ದರು. ಡೊಂಬಯ್ಯ ಮಲಗುತ್ತಿದ್ದಾಗ ಆ ಬೋಟಿನ ಬಗ್ಗೆ ಯಾರೂ ಇಷ್ಟು ಯೋಚಿಸಿರಲಿಲ್ಲ.

ಜುಲೈಯ ಆ ಶುಕ್ರವಾರ ಅವಳು ಸುಬ್ರಹ್ಮಣ್ಯದ ಬಸ್ಸಿನಲ್ಲಿದ್ದಳು. ಅಲ್ಲಿಯ ಒಂದು ಲಾಡ್ಜಿನ ಟ್ಯಾಂಕಿಗೆ ನೀರು ಏರಿಸುವ ಪಂಪಿನ ಸ್ಟಾರ್ಟರು ಕೆಟ್ಟಿತ್ತು. ಗುತ್ತಿಗಾರು ದಾಟುವಾಗ ಪುಟದಲ್ಲಿ ಒಂದು ಸಾಲು ಮೂಡಿತು. ‘ಬ್ಯಾಟರಿ ಕಡಿಮೆ. ಹಕೀಮ್: ತಿಳಿದಿದೆ.’

ಮೋಡ ಮುಚ್ಚಿಕೊಂಡ ವಾರ, ಬಿಸಿಲಿಲ್ಲ, ಬ್ಯಾಟರಿ ಇಳಿಯುವುದೇ. ಹಕೀಮರಿಗೆ ತಿಳಿದಿದೆಯಲ್ಲ, ಯಾರನ್ನಾದರೂ ಕಳಿಸಿ ಬೇರೆ ಬ್ಯಾಟರಿ ಹಾಕಿಸುತ್ತಾರೆ. ಅವಳು ಕಿಟಕಿಗೆ ತಲೆ ಇಟ್ಟಳು. ಎರಡು ತಿರುವು ಕಳೆಯುವುದರೊಳಗೆ ಮತ್ತೆ ಫೋನು ತೆಗೆದಳು.

‘ತಿಳಿದಿದೆ’ ಎಂಬುದು ಅವಳೇ ಬರೆದ ನಿಯಮ, ಪಂಪಿನಿಂದ ಎತ್ತಿಕೊಂಡದ್ದು. ಹಿಂದೆ ಪಂಪಿನ ಡಬ್ಬಿ, ಅಣ್ಣ ಕಟ್ ಮಾಡಿದರೂ ತಮ್ಮನಿಗೆ ಮತ್ತೆ ಫೋನು ಮಾಡುತ್ತಿತ್ತು. “ನನಗೆ ಗೊತ್ತಾದ ಮೇಲೆ ಅವನಿಗ್ಯಾಕೆ ಹೇಳುದು?” ಎಂದು ಮನೆಮನೆಯಲ್ಲಿ ಜಗಳ. ಅದಕ್ಕೆ, ಕಟ್ ಮಾಡಿದರೆ ಆ ಮನುಷ್ಯನಿಗೆ ವಿಷಯ ಗೊತ್ತಾಯಿತು ಎಂದು ತೀರ್ಮಾನಿಸಿ ಉಳಿದವರಿಗೆ ಫೋನು ಮಾಡುವುದನ್ನು ನಿಲ್ಲಿಸುವ ಹಾಗೆ ಭವಿತಾ ಬದಲಿಸಿದ್ದಳು. ಎಲ್ಲರೂ ಹೊಗಳಿದ್ದರು. ಬೋಟಿಗೂ ಅದನ್ನೇ ಇಟ್ಟಳು. ಬೇರೆ ಏನಾದರೂ ಇಡಬಹುದು ಎಂದು ತೋರಲೇ ಇಲ್ಲ. ಫೋನು ಕಟ್ ಮಾಡುವುದೇ ಉತ್ತರವಾಗಿರುವ ಊರಿನಲ್ಲಿ ಬೆಳೆದವಳು ಅವಳೂ.

ಲಾಡ್ಜಿನ ಮೆಟ್ಟಿಲು ಹತ್ತುವಾಗ ಇನ್ನೊಂದು ಸಾಲು ಬಂತು. ‘ನೀರು: ಕೆಳಗಿನ ಬುರುಡೆ. ಹಕೀಮ್: ತಿಳಿದಿದೆ.’

ಕೌಂಟರಿನಲ್ಲಿದ್ದ ಕೌಸಲ್ಯಾ ಇವಳನ್ನು ಕಂಡದ್ದೇ ಶುರು ಮಾಡಿದಳು. “ಬಂದ್ರಾ ಮಾರಾಯ್ತಿ! ಹನ್ನೆರಡನೇ ರೂಮಿನವರು ತಲೆಗೆ ಸೋಪು ಹಾಕಿ ನಿಂತಿದ್ದಾರೆ. ನಾನು ದೇವಸ್ಥಾನದಿಂದ ತೀರ್ಥ ತಂದು ಹೊಯ್ಯುದಾ?”

ಸ್ಟಾರ್ಟರು ಇದ್ದದ್ದು ತಾರಸಿಯಲ್ಲಿ, ಟ್ಯಾಂಕಿನ ಪಕ್ಕದ ಗೂಡಿನಲ್ಲಿ. ಭವಿತಾ ಮುಚ್ಚಳ ಬಿಚ್ಚಿ ಫೋನನ್ನು ಮುಂದೆ ಒರಗಿಸಿಟ್ಟಳು. ಒಂದು ತಂತಿ ಕರಗಿ ಅಂಟಿಕೊಂಡಿತ್ತು. ಅದನ್ನು ಕತ್ತರಿಸಿ ತೆಗೆಯುವಾಗ ಪರದೆ ಬೆಳಗಿತು. ‘ನೀರು: ನಡುವಿನ ಬುರುಡೆ. ಹಕೀಮ್: ತಿಳಿದಿದೆ.’

ತಿಳಿದವರು ಏನಾದರೂ ಮಾಡಿರಬೇಕಲ್ಲ? ಮಾಡಿದ್ದರೆ ನೀರು ಇಳಿಯಬೇಕಿತ್ತು. ಬ್ಯಾಟರಿ ಸತ್ತರೆ ತಳದ ಪಂಪು ಸುಮ್ಮನಾಗುತ್ತದೆ. ಡಬ್ಬಿಗೆ ಮಾತ್ರ ಬೇರೆ ಸಣ್ಣ ಬ್ಯಾಟರಿ ಇರುವುದರಿಂದ ಅದು ಮುಳುಗುವವರೆಗೆ ಮಾತಾಡುತ್ತದೆ. ಮೇಲಿನ ಬುರುಡೆಗೆ ಬಂದರೆ ನೀರು ಎಂಜಿನ್ನಿನ ಒಳಗೆ. ಅಲ್ಲಿಂದ ಮುಂದೆ ಬೋಟು ಒಂದು ಬದಿಗೆ ವಾಲುತ್ತದೆ, ಹಗ್ಗ ಕಟ್ಟಿದ ಪಕ್ಕದ ಬೋಟನ್ನೂ ಎಳೆಯುತ್ತದೆ. ಪಕ್ಕದವರು ಹಗ್ಗ ಕಡಿಯದೆ ಬಿಡುವುದಿಲ್ಲ.

ಹಕೀಮರಿಗೆ ಫೋನು ಮಾಡಿದಳು. ಎತ್ತಿದ ಸದ್ದು, ಹಿಂದೆ ಎಣ್ಣೆಯಲ್ಲಿ ಏನೋ ಚುಂಯ್ ಎನ್ನುತ್ತಿತ್ತು.

“ನಮಸ್ಕಾರ, ನಾನು ಭವಿತಾ. ಬೋಟಿಗೆ...”

ಕಟ್.

ಮತ್ತೆ ಮಾಡಿದಳು. “ನಮಸ್ಕಾರ...”

ಕಟ್.

ಕದೀಜಮ್ಮನ ಫೋನಿಗೆ ಮಾಡಿದಳು. ಅದೇ ಎಣ್ಣೆಯ ಸದ್ದು. ಎರಡು ಫೋನೂ ಒಂದೇ ಅಡುಗೆಮನೆಯಲ್ಲಿವೆ ಎಂದಾಯಿತು. ಕದೀಜಮ್ಮ ಪಕ್ಕದಲ್ಲಿದ್ದ ಯಾರಿಗೋ ಹೇಳುವುದು ಸ್ಪಷ್ಟವಾಗಿ ಕೇಳಿತು. “ಈ ಪಂಪಿನವಳಿಗೆ ಇವತ್ತು ಎಂತ ಆಗಿದೆ?” ಮತ್ತೆ ಕಟ್.

ಶಾಫಿಗೆ ಮಾಡೋಣ ಎಂದು ಹೆಸರು ಒತ್ತಿದಳು. ಸ್ವಿಚ್ ಆಫ್. ಆಗ ಹೊಳೆಯಿತು. ಶುಕ್ರವಾರ, ಮಧ್ಯಾಹ್ನ. ಶಾಫಿ ಮಸೀದಿಯ ಜುಮಾ ನಮಾಜಿನಲ್ಲಿ, ಹಕೀಮರು ಜುಮಾದಲ್ಲಿ. ಫೋನನ್ನು ಚಾರ್ಜಿಗೆ ಹಾಕಿ, ಮಿಂದು, ಬಿಳಿ ಅಂಗಿ ಹಾಕಿ ಬೇಗನೆ ಹೋಗಿರುತ್ತಾರೆ. ಬೆಳಗ್ಗಿನಿಂದ ‘ತಿಳಿದಿದೆ’ ಎಂದದ್ದೆಲ್ಲ ಕದೀಜಮ್ಮನ ಹೆಬ್ಬೆರಳು. ಆಳು ಬೇಡ ಎಂದು ಹೇಳಿದವಳು ಭವಿತಾ, ಯಾರು ಯಾವ ಹೊತ್ತಿಗೆ ಎಲ್ಲಿರುತ್ತಾರೆ ಎಂದು ಮಾತ್ರ ಯೋಚಿಸಿರಲಿಲ್ಲ.

‘ನೀರು: ಮೇಲಿನ ಬುರುಡೆ. ಹಕೀಮ್: ತಿಳಿದಿದೆ.’

ಕೆಳಗಿನಿಂದ ಕೌಸಲ್ಯಾಳ ಕೂಗು ಬಂತು. “ಎಂತ ಮಾಡ್ತಿದ್ದೀರಿ ಮೇಲೆ? ನಿದ್ದೆಯಾ?”

“ಬೋಟು ಮುಳುಗ್ತಾ ಉಂಟು!”

“ಸಮುದ್ರದ ನೀರು ಆಮೇಲೆ ನೋಡುವ, ಮೊದಲು ನಮ್ಮ ಟ್ಯಾಂಕಿಗೆ ನೀರು ಹಾಕಿ!”

ಭವಿತಾ ಮತ್ತೆ ಕದೀಜಮ್ಮನ ನಂಬರು ಒತ್ತಿದಳು. ಎತ್ತಿದ್ದು ತಿಳಿದ ಕೂಡಲೇ, ನಮಸ್ಕಾರ ಇಲ್ಲ, ಹೆಸರಿಲ್ಲ, ಶಾಫಿ ತಿದ್ದಿಸಿದ ಕನ್ನಡವೂ ಇಲ್ಲ, ತುಳು, ಕನ್ನಡ ಬೆರೆಸಿ ಬಾಯಿಗೆ ಬಂದ ಹಾಗೆ ಅರಚಿದಳು. “ಕಟ್ ಮಲ್ಪೊಡ್ಚಿ, ಕಟ್ ಮಾಡ್ಬೇಡಿ ಮಾರಾಯ್ರೆ! ಆ ಸೌಟು ಕೆಳಗಿಡಿ! ನಿಮ್ಮ ಬೋಟು ಮುಳುಗ್ತಾ ಉಂಟು, ನೀವು ಅಲ್ಲಿ ಮೀನು ಕಾಯಿಸ್ತಾ ಕೂತಿದ್ದೀರಾ?”

ಈ ಸಲ ಕಟ್ ಆಗಲಿಲ್ಲ. ಪಂಪು ಎಂದೂ ಬೈದದ್ದಿಲ್ಲ.

“ಯಾರು ನೀನು?”

“ಭವಿತಾ. ಶಾಫಿಯಣ್ಣನ ಅಂಗಡಿಯವಳು. ಪಂಪಿನವಳೇ. ಬೋಟಿಗೆ ಎಂಜಿನ್ ವರೆಗೆ ನೀರು ಬಂದಿದೆ. ಹಕೀಮಾಕನ್ನ ಮಸೀದಿಯಿಂದ ಕರೆಸಿ.”

“ನಮಾಜಿಗೆ ನಿಂತವರನ್ನ ಕರೆಸುದು ಹೇಗೆ? ಕರೆಸಿದ್ರೂ ಪುತ್ತೂರಿಂದ ಹಾರಿ ಹೋಗ್ತಾರಾ?” ಕದೀಜಮ್ಮ ಒಲೆ ಆರಿಸಿದ್ದು ಕೇಳಿತು. “ಧಕ್ಕೆಯಲ್ಲಿ ನಮ್ಮ ಗುರುತಿನವರೆಲ್ಲ ಈಗ ಜುಮಾದಲ್ಲೇ. ನಿಲ್ಲು. ನನ್ನ ತಂಗಿ ಜೈನಬಮ್ಮ ಬಂದರಿನ ಹಿಂದೆಯೇ ಇರುದು. ಇಡಬೇಡ ಫೋನು.”

ಆಮೇಲಿನದೆಲ್ಲ ಭವಿತಾ ಕಿವಿಯಿಂದಲೇ ನೋಡಿದಳು. ಕದೀಜಮ್ಮನ ಒಂದು ಕೈಯಲ್ಲಿ ತನ್ನ ಫೋನು, ಇನ್ನೊಂದರಲ್ಲಿ ಗಂಡನದು. ಒಂದರಲ್ಲಿ ಭವಿತಾ, ಇನ್ನೊಂದರಲ್ಲಿ ಜೈನಬಮ್ಮ. ಅಕ್ಕ ತಂಗಿ ತಮ್ಮ ಬ್ಯಾರಿ ಭಾಷೆಯಲ್ಲಿ ಕೂಗಾಡಿದರು, ಬಾಗಿಲು ಬಡಿಯಿತು, ಚಪ್ಪಲಿಯ ಸದ್ದು, ಮಳೆಯ ಸದ್ದು, ಏದುಸಿರು. ಎಲ್ಲ ಒಂದು ಫೋನಿನಿಂದ ಇನ್ನೊಂದಕ್ಕೆ ಸೋರಿ ಬರುತ್ತಿತ್ತು.

“ಧಕ್ಕೆಗೆ ಬಂದಳಂತೆ. ನಮ್ಮ ಬೋಟು ಯಾವುದು ಅಂತ ಕೇಳ್ತಾಳೆ.”

“ನಿಮಗೆ ಗೊತ್ತಿಲ್ವಾ?”

“ನಾನು ಎಲ್ಲಿ ನೋಡಿದ್ದು? ಯಜಮಾನರು ಮೀನು ತರ್ತಾರೆ, ಬೋಟು ತರುದಿಲ್ಲ.”

“ನೀಲಿ ಬಣ್ಣ, ಕೆಂಪು ಪಟ್ಟಿ. ಮಾಡಿನ ಮೇಲೆ ಸೋಲಾರ್ ಉಂಟು. ಹೊರಗಿನ ಸಾಲಲ್ಲಿ, ಒಂದು ಬದಿಗೆ ವಾಲಿರ್ತದೆ.”

ಕದೀಜಮ್ಮ ಅದನ್ನು ಆ ಕಡೆಗೆ ಕೂಗಿದರು. ಉತ್ತರ ಬಂತು. “ಕಂಡಿತಂತೆ. ಹಿಂದೆ ತುಂಬ ತಗ್ಗಿದೆಯಂತೆ. ಅದರ ಮೇಲೆ ಹತ್ತುದಾ ಅಂತ ಕೇಳ್ತಾಳೆ. ಅವಳಿಗೆ ಮಂಡಿ ನೋವು.”

“ಹತ್ತುದು ಬೇಡವೇ ಬೇಡ! ಅಲ್ಲಿ ಗಂಡಸರು ಯಾರೂ ಇಲ್ವಾ?”

“ಬಲೆ ಹೊಲಿಯುವವರು ನಾಲ್ಕು ಜನ ಇದ್ದಾರಂತೆ, ಹೊನ್ನಾವರದ ಕಡೆಯವರು.”

“ಅವರಿಗೆ ಫೋನು ಕೊಡ್ಲಿಕ್ಕೆ ಹೇಳಿ.”

ಕದೀಜಮ್ಮ ಎರಡು ಫೋನುಗಳನ್ನು ಬಾಯಿಗೆ ಬಾಯಿ ಸೇರಿಸಿ ಹಿಡಿದಿರಬೇಕು. ದೂರದಿಂದ ಒಬ್ಬ ಗಂಡಸಿನ ದನಿ ಬಂತು. ಭವಿತಾ ಕಿರುಚಿ ಕಿರುಚಿ ಹೇಳಿದಳು: ಎಂಜಿನ್ ಹಿಂದಿನ ಹಲಗೆ ಎತ್ತಬೇಕು, ನಮ್ಮ ಪಂಪು ಸತ್ತಿದೆ, ಪಕ್ಕದ ಬೋಟಿನಲ್ಲಿ ಡೀಸೆಲಿನ ಪಂಪು ಇದ್ದರೆ ಅದರ ಪೈಪು ಇಳಿಸಿ. ಆ ಮನುಷ್ಯ, “ಅವರ ಪಂಪು ಮುಟ್ಟಿದ್ರೆ ಬೈತಾರ್ರೀ,” ಅಂದ. ಜೈನಬಮ್ಮ ಏನು ಹೇಳಿದರೋ, ಬ್ಯಾರಿಯಲ್ಲಿ ಹೇಳಿದ್ದು ಹೊನ್ನಾವರದವನಿಗೆ ಅರ್ಥವಾಯಿತೋ ಇಲ್ಲವೋ, ಧಡಧಡ ಎಂದು ಬೋಟಿಗೆ ಹಾರಿದ ಸದ್ದು ಕೇಳಿತು.

ಸ್ವಲ್ಪ ಹೊತ್ತಿನ ಮೇಲೆ ಡೀಸೆಲ್ ಪಂಪು ಗುಡುಗುಟ್ಟತೊಡಗಿತು.

“ಸೋಲಾರಿನ ಮೇಲೆ ಟರ್ಪಾಲು ಬಿದ್ದಿದೆಯಂತೆ,” ಎಂದರು ಕದೀಜಮ್ಮ. “ಗಾಳಿಗೆ ಹಾರಿ ಬಂದು ಮುಚ್ಚಿಕೊಂಡದ್ದು. ತೆಗೆಯುದಾ?”

ಮೋಡವಲ್ಲ, ಟರ್ಪಾಲು. ಎಲ್ಲವನ್ನೂ ಅಳೆಯುವ ಡಬ್ಬಿಗೆ ಟರ್ಪಾಲು ಕಾಣಿಸಿರಲಿಲ್ಲ. “ತೆಗೀಲಿ,” ಎಂದಳು ಭವಿತಾ. ಅವಳ ಕೈಯಲ್ಲಿ ಕತ್ತರಿಸಿದ ತಂತಿ ಇನ್ನೂ ಇತ್ತು.

ಪುಟದಲ್ಲಿ ಮೇಲಿನ ಬುರುಡೆಯ ಕೆಂಪು ಹೋಗಿ ನಡುವಿನದು ಮಾತ್ರ ಉಳಿಯಿತು. ಬೋಟು ಉಳಿಯಿತು, ಎಂಜಿನ್ನಿನ ಕತೆ ಬಿಚ್ಚಿ ನೋಡದೆ ಹೇಳುವ ಹಾಗಿರಲಿಲ್ಲ.

ಲಾಡ್ಜಿನ ಸ್ಟಾರ್ಟರಿಗೆ ಹೊಸ ತಂತಿ ಹಾಕಿ ಕೆಳಗೆ ಇಳಿದಳು. ಪಂಪು ಚಾಲೂ ಆಯಿತು. ಕೌಂಟರಿನ ಮೇಲಿದ್ದ ಕೌಸಲ್ಯಾಳ ಫೋನು ಬಡಿಯಿತು. ‘ನಮಸ್ಕಾರ’ ಎಂದಿತು ಭವಿತಾಳ ದನಿ. ಕೌಸಲ್ಯಾ ಎದುರಿಗೆ ನಿಂತ ಭವಿತಾಳತ್ತ ನಗುತ್ತಲೇ ಹೆಬ್ಬೆರಳಿನಿಂದ ಕಟ್ ಮಾಡಿದಳು. “ನೀರು ಬಂತು. ಚಾ ಕುಡೀತೀರಾ?”

ಭವಿತಾ ಚಾ ಕುಡಿಯಲಿಲ್ಲ. ಬಸ್‌ಸ್ಟ್ಯಾಂಡಿನತ್ತ ಹೋಗುವಾಗ ಹಕೀಮರ ಫೋನು ಬಂತು. ಜುಮಾ ಮುಗಿಸಿ ಬಂದು ಊಟಕ್ಕೆ ಕೂತಿದ್ದರು. ಬಾಯಿಯಲ್ಲಿ ಅನ್ನ ಇತ್ತು.

“ಭವಿತಾ! ನಿನ್ನ ಮಿಷನ್ ಪಾಸು ಮಾರಾಯ್ತಿ! ಬೋಟು ಮುಳುಗುದನ್ನ ಪುತ್ತೂರಿನ ಅಡುಗೆಮನೆಯಲ್ಲಿ ಕೂತು ಹಿಡಿದಿದ್ದಾಳೆ ನನ್ನ ಹೆಂಡತಿ. ನಾಡಿದ್ದು ಸಭೆ ಉಂಟು. ನಾನು ಹೇಳ್ತೇನೆ, ಎಲ್ಲರೂ ಕಾವಲಿನವರನ್ನ ಮನೆಗೆ ಕಳಿಸಿ, ಇದನ್ನ ಹಾಕಿಸಿ ಅಂತ.”

ಭವಿತಾ ರಸ್ತೆಯ ಬದಿಗೆ ನಿಂತಳು. ಸುಮ್ಮನಿದ್ದರೆ ಸಾಕು. ಡಬ್ಬಿಯ ಮೇಲೆ ಅವಳ ಹೆಸರು ಬರುತ್ತದೆ. ನಡೆದದ್ದು ಹೇಳಿದರೆ ಕದೀಜಮ್ಮ ಬೈಗುಳ ತಿನ್ನುತ್ತಾರೆ. ಹೇಳದಿದ್ದರೆ ಧಕ್ಕೆಯ ಅರ್ಧ ಬೋಟುಗಳಲ್ಲಿ ಕಾವಲು ಇರುವುದಿಲ್ಲ, ಅವರ ಮನೆಗಳಲ್ಲೂ ಹೆಬ್ಬೆರಳುಗಳಿರುತ್ತವೆ, ಶುಕ್ರವಾರ ವಾರಕ್ಕೊಮ್ಮೆ ಬರುತ್ತದೆ.

“ಪಾಸಾಗ್ಲಿಲ್ಲ ಹಕೀಮಾಕ,” ಎಂದಳು. “ಬೆಳಗ್ಗೆಯಿಂದ ನಾಲ್ಕು ಸಲ ಫೋನು ಮಾಡಿದೆ ಅದು. ಕಟ್ ಮಾಡಿದ್ರೆ ಗೊತ್ತಾಯ್ತು ಅಂತ ನಾನು ಬರೆದಿಟ್ಟಿದ್ದೆ. ಅದು ನಂಗೂ ಹಾಗೇ ಹೇಳಿತು. ನಾನೂ ನಂಬಿ ಬಸ್ಸಲ್ಲಿ ಕೂತಿದ್ದೆ. ತಪ್ಪು ನನ್ನದು.”

“ಕಟ್ ಮಾಡಿದ್ದು ಯಾರು?”

ಹಿಂದಿನಿಂದ ಕದೀಜಮ್ಮನ ದನಿ ಬಂತು. “ನಾನೇ ಮಾಡಿದ್ದು! ಎಂತ ಈಗ? ದಿನಾ ಕರೆಂಟು ಬಂತು ಕರೆಂಟು ಹೋಯ್ತು ಅಂತ ಅದರ ಪುರಾಣ ಕೇಳುದಾ, ನಿಮಗೆ ಅಡುಗೆ ಮಾಡುದಾ? ಫೋನು ಬಿಟ್ಟು ಹೋದವರು ನೀವು. ಬೋಟು ಉಳಿಸಿದವಳು ನನ್ನ ತಂಗಿ, ಮಂಡಿ ನೋವಲ್ಲಿ. ಅವಳಿಗೆ ಒಂದು ಫೋನು ಮಾಡಿದ್ರಾ?”

ಹಕೀಮರು ಅನ್ನ ನುಂಗಿದರು. ಆಮೇಲೆ ಬಂದ ದನಿಯಲ್ಲಿ ನಗು ಇರಲಿಲ್ಲ. “ಹಾಗಾದ್ರೆ ಡೊಂಬಯ್ಯನನ್ನ ನಾನು ಮನೆಗೆ ಕಳಿಸಿದ್ದು ಯಾಕೆ? ನಿನ್ನ ಮಾತು ಕೇಳಿ ಅಲ್ವಾ?”

“ಹೌದು. ಅವನನ್ನ ಕರೆಸಿ.”

“ಎಲ್ಲಿಂದ ಕರೆಸುದು? ಧರ್ಮಸ್ಥಳದ ಕಡೆ ಹೋಟೆಲಿಗೆ ಸೇರಿದ್ದಾನೆ. ಇನ್ನು ಬೋಟಲ್ಲಿ ಮಲಗುದಿಲ್ಲ, ಬೆನ್ನಿಗೆ ಒಣ ಜಾಗ ಸಿಕ್ಕಿತು ಅಂತ ಹೇಳಿ ಕಳಿಸಿದ್ದ.”

“ಹಾಗಾದ್ರೆ ಬೇರೆ ಜನ ಸಿಗುವವರೆಗೆ ನಾನೇ ಹೋಗಿ ಇರ್ತೇನೆ. ಕಟ್ ಮಾಡುದನ್ನ ಬದಲಿಸ್ತೇನೆ. ಸಭೆಯಲ್ಲಿ ಸದ್ಯಕ್ಕೆ ಎಂತ ಹೇಳ್ಬೇಡಿ.”

“ಹೆಣ್ಣು ಹುಡುಗಿ ಬೋಟಲ್ಲಿ ಮಲಗುದಾ?”

“ನನ್ನ ತಂಗಿ ಜೈನೂನ ಮನೆಯಲ್ಲಿ ಮಲಗ್ತದೆ ಅದು!” ಎಂದು ಕದೀಜಮ್ಮ ಹಿಂದಿನಿಂದಲೇ ತೀರ್ಮಾನ ಕೊಟ್ಟರು. “ಎರಡು ಹೆಜ್ಜೆ. ನಾನು ಹೇಳ್ತೇನೆ ಅವಳಿಗೆ.”

ಹಕೀಮರು ಎಂಜಿನ್ ಕೆಟ್ಟಿದ್ದರೆ ಶಾಫಿಯ ಹತ್ತಿರ ಮಾತಾಡುತ್ತೇನೆ ಎಂದಷ್ಟೇ ಹೇಳಿ ಫೋನು ಇಟ್ಟರು.

ಮಂಗಳೂರಿನ ಬಸ್ಸು ತುಂಬಿತ್ತು. ಕಡಬದಲ್ಲಿ ಡ್ರೈವರು ಇಳಿದು ಹೋಟೆಲಿಗೆ ಹೋದ. ಭವಿತಾ ನಿಂತಲ್ಲಿಂದಲೇ ಪುಟ ತೆರೆದಳು. ನೀರು ಕೆಳಗಿನ ಬುರುಡೆಗೆ ಇಳಿದಿತ್ತು. ಬೋಟಿನ ಬ್ಯಾಟರಿ ಇನ್ನೂ ಸತ್ತೇ ಇತ್ತು. ಆ ಮಂಕು ಬೆಳಕಿನಲ್ಲಿ ಅದು ಇವತ್ತು ಏಳುವುದಿಲ್ಲ. ಸಂಜೆಗೆ ಪಕ್ಕದ ಬೋಟಿನವರು ಬಂದು ತಮ್ಮ ಪಂಪು ಎತ್ತಿಕೊಂಡು ಹೋಗುತ್ತಾರೆ. ಆಮೇಲೆ ಹನಿ ಹನಿ ಮತ್ತೆ ಶುರು.

ಅವಳು ಜನರನ್ನು ನೂಕಿಕೊಂಡು ಬಾಗಿಲಿಗೆ ಬಂದು ಹೋಟೆಲಿನ ಕಡೆಗೆ ಕೂಗಿದಳು. “ಅಣ್ಣಾ, ಸ್ವಲ್ಪ ಬೇಗ!”

ಡ್ರೈವರು ಗ್ಲಾಸು ಎತ್ತಿ ಹಿಡಿದು ಅವಳನ್ನು ನೋಡಿದ. “ಈ ದನಿ ಎಲ್ಲೋ ಕೇಳಿದ್ದೇನಲ್ಲ?”

“ಕೇಳಿರ್ತೀರಿ. ಚಾ ಬಿಟ್ಟು ಬನ್ನಿ.”